ಅಜ್ಜಿಮನೆಯ ಚರಿತ್ರೆ

“ಹಿಂದಿನ ಬಾಗಿಲು ತೆರೆದಿಟ್ಟಿದ್ದೇನೆ. ದೋಣಿ ನಿಲ್ಲುವ ದಕ್ಕೆಗೆ ಇಳಿಯುವ ಓಣಿ ಉಂಟು. ಏಳು ಮಗಾ, ನಿನ್ನ ಕಾಲಿಗೆ ಬೀಳ್ತೇನೆ!”

ಶೀನಪ್ಪ ನಿಜಕ್ಕೂ ಬಾಗಿದ. ಮಗಳು ಕಾಲು ಹಿಂದಕ್ಕೆಳೆದುಕೊಂಡಳು. ಮಂಚದಿಂದ ಮಾತ್ರ ಏಳಲಿಲ್ಲ.

ಬೆಳಿಗ್ಗೆ ಹನ್ನೊಂದೂಕಾಲು. ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿರಬೇಕಾದ ವಿಜೇತಾ, ಮಂಗಳೂರಿನ ಹಳೇ ಬಂದರಿನ ‘ಅಜ್ಜಿಮನೆ’ ಹೋಂಸ್ಟೇಯ ಮಾಳಿಗೆ ಕೋಣೆಯಲ್ಲಿ ಕೂತಿದ್ದಳು. ಕಿಟಕಿಯ ಬಳಿ ನೌಫಲ್. ಕೆಳಗೆ ಶೀನಪ್ಪನಿಗೆ ಹೆಸರು ಹೇಳಿ ಬೀಗದ ಕೈ ಪಡೆದವನು ಅವನೊಬ್ಬನೇ. ಗುರುತಿನ ಚೀಟಿ ಆಮೇಲೆ ಕೊಡ್ತೇನೆ ಎಂದಿದ್ದ. ಜೊತೆಗಿದ್ದ ಹುಡುಗಿ ಮುಖಕ್ಕೆ ಶಾಲು ಸುತ್ತಿಕೊಂಡು ಗೇಟಿನ ಹತ್ತಿರ ಬೆನ್ನು ಹಾಕಿ ನಿಂತಿದ್ದಳು. ಮನೆ ನೋಡಿಕೊಳ್ಳುವ ಶೀನಪ್ಪ ಅರ್ಧ ಗಂಟೆ ಬಿಟ್ಟು ನೀರಿನ ಹೂಜಿ ಹಿಡಿದು ಮೇಲೆ ಬಂದಾಗ ಆ ಶಾಲು ಮಂಚದ ಮೇಲಿತ್ತು. ಹೂಜಿ ಕೈಜಾರಿ ಮೆಟ್ಟಿಲುದ್ದಕ್ಕೂ ಉರುಳಿ ಒಡೆಯಿತು.

“ಯಾರೋ ನಿಮ್ಮನ್ನು ನೋಡಿದ್ದಾರೆ. ಸುದ್ದಿ ಹೋಗಿ ಆಗಿದೆ. ಇನ್ನು ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಬೈಕಿನಲ್ಲಿ ಬರ್ತಾರೆ. ಮೊದಲು ಮೊಬೈಲು ಕಸಿಯುತ್ತಾರೆ. ಆಮೇಲೆ ಹುಡುಗನನ್ನು ಬೇರೆ, ಹುಡುಗಿಯನ್ನು ಬೇರೆ…”

“ಎಲ್ಲ ಗೊತ್ತುಂಟಲ್ಲ ನಿಮಗೆ,” ಎಂದಳು ವಿಜೇತಾ.

“ನೋಡಿದವನಲ್ಲವಾ ನಾನು! ಇದೇ ಮನೆಯಲ್ಲಿ!”

“ಅದನ್ನೇ ಕೇಳುವ ಅಂತ ಬಂದದ್ದು. ಗೆಸ್ಟುಗಳಿಗೆ ಈ ಮನೆಯ ಚರಿತ್ರೆ ಹೇಳ್ತೀರಲ್ಲ, ನಮಗೂ ಹೇಳಿ. ನಾವೂ ಗೆಸ್ಟುಗಳೇ.”

“ತಲೆ ಸರಿ ಉಂಟಾ ಮಾರಾಯ್ತಿ ನಿನಗೆ?”

“ಹೇಳಿ ಮುಗಿಸಿ. ಆಮೇಲೆ ಹೋಗುವ.”

ಅವನು ಏದುಸಿರು ಬಿಡುತ್ತ ಹೇಳಿದ. ನೂರಿಪ್ಪತ್ತು ವರ್ಷದ ಮನೆ. ಕಟ್ಟಿಸಿದ್ದು ಹೆಂಚಿನ ವ್ಯಾಪಾರಿ. ಇಲ್ಲಿಂದ ಮಂಜಿ ಹಡಗಿನಲ್ಲಿ ಅರಬರ ನಾಡಿಗೆ ಹೆಂಚು ಹೋಗುತ್ತಿತ್ತು, ಅಲ್ಲಿಂದ ಖರ್ಜೂರ ಬರುತ್ತಿತ್ತು. ಕಂಬಗಳು ಬರ್ಮಾದ ಮರದ್ದು. ಕಡಲು ಇಷ್ಟು ಹತ್ತಿರವಿದ್ದರೂ ಬಾವಿಗೆ ಉಪ್ಪು ಹತ್ತಿಲ್ಲ. ಕತೆ ಇಲ್ಲಿಗೆ ಬಂದಾಗ ಬೆಂಗಳೂರಿನವರು ಚಪ್ಪಾಳೆ ತಟ್ಟುತ್ತಾರೆ. “ಯಜಮಾನರ ಅಜ್ಜಿ ತೀರಿಕೊಂಡ ಮೇಲೆ ಹೋಂಸ್ಟೇ ಆಯ್ತು. ಮುಗಿಯಿತು. ಏಳು! ಫರಂಗಿಪೇಟೆಗೆ ಬಸ್ಸು ಹತ್ತಿ ಅಮ್ಮನ ಹತ್ತಿರ ಹೋಗು.”

“ಆಮೇಲೆ?”

“ಆಮೇಲೆ ಎಂಥದ್ದೂ ಇಲ್ಲ.”

“ಹಳದಿ ಬಣ್ಣ ಹೊಡೆಸಿದ್ದು ಯಾವಾಗ? ಬೋರ್ಡು ಬದಲಾಯಿಸಿದ್ದು ಯಾವಾಗ?”

ಚರಿತ್ರೆಗೆ ಬಣ್ಣ ಬಳಿಯುವುದು ಸುಲಭ. ಎರಡು ಕೋಟು ಸಾಕು. ಮೂರು ವರ್ಷದ ಹಿಂದೆ ಈ ಮನೆಗೆ ಬೇರೆ ಹೆಸರಿತ್ತು. ವಿಜೇತಾಳ ಹಾಸ್ಟೆಲ್ ಕೋಣೆಯ ಗೆಳತಿ, ನಾರಾವಿಯ ಸಾತ್ವಿಕಾ, ಸಹಪಾಠಿಯೊಬ್ಬನ ಹುಟ್ಟುಹಬ್ಬಕ್ಕೆಂದು ಇಲ್ಲಿಗೆ ಬಂದಿದ್ದಳು. ಗುಂಪಿನಲ್ಲಿ ಇಬ್ಬರು ಮುಸ್ಲಿಂ ಬ್ಯಾರಿ ಹುಡುಗರಿದ್ದರು. ಅಪರಾಧ ಅಷ್ಟೇ. ಸಂಸ್ಕೃತಿ ಕಾಯುವ ಗಂಡಸರು ಹತ್ತೊಂಬತ್ತರ ಹುಡುಗಿಯ ಜಡೆ ಹಿಡಿದು ಅಂಗಳಕ್ಕೆ ಎಳೆದರು. ಅದನ್ನು ವಿಡಿಯೋ ಮಾಡಿ ಊರೂರಿನ ಮೊಬೈಲುಗಳಿಗೆ ಹಂಚಿದರು. ನಾಲ್ಕನೇ ದಿನ ಅವಳ ಹೆಣವನ್ನು ನಾರಾವಿಯ ಅವಳ ಮನೆಯ ಬಾವಿಯಿಂದ ಎತ್ತಿದರು. ಹೊಡೆದವರಿಗೆ ಜಾಮೀನು ಸಿಕ್ಕಿತು. ಹೊರಗೆ ಬಂದಾಗ ಹಾರವೂ ಸಿಕ್ಕಿತು. ಅವರಿಗೆ ಸುದ್ದಿ ಮುಟ್ಟಿಸಿದವರು ಮಾತ್ರ ಸಿಕ್ಕಲೇ ಇಲ್ಲ.

ಶೀನಪ್ಪ ಮತ್ತೆ ಮೊಬೈಲನ್ನು ಕಿವಿಗೆ ಒತ್ತಿಕೊಂಡ. ಇದು ಎಂಟನೇ ಸಲ. ಆ ಕಡೆ ಎತ್ತುವವರಿಲ್ಲ.

“ಯಾರಿಗೆ ಪಪ್ಪ? ಪೊಲೀಸರಿಗಾ?”

“ಹೂಂ.”

“ಪೊಲೀಸರು ಫೋನು ಎತ್ತುತ್ತಾರೆ,” ಎಂದ ನೌಫಲ್, ಮೊದಲ ಸಲ ಬಾಯಿ ಬಿಟ್ಟು. “ಬರುವುದು ತಡ, ಅಷ್ಟೇ. ಎತ್ತುತ್ತಾರೆ.”

“ನೀನು ಬಾಯಿ ಮುಚ್ಚು! ನಿಮ್ಮಲ್ಲಿ ಹುಡುಗಿಯರಿಲ್ಲವಾ?” ಶೀನಪ್ಪ ಕೈಯೆತ್ತಿದ. ಎತ್ತಿದ ಕೈಯೇ ಮರುಕ್ಷಣ ಇನ್ನೊಂದರ ಜೊತೆ ಜೋಡಿಕೊಂಡಿತು. “ನೀನಾದರೂ ಹೋಗು ಮಾರಾಯ. ಆ ಕಿಟಕಿಯಿಂದ ಅಡುಗೆಮನೆಯ ಹೆಂಚಿನ ಮಾಡಿಗೆ ಇಳಿಯಬಹುದು. ನೀನು ಇಲ್ಲದಿದ್ದರೆ ಅವರು ಇವಳನ್ನು ಮುಟ್ಟಲಿಕ್ಕಿಲ್ಲ.”

ನೌಫಲ್ ಕದಲಲಿಲ್ಲ. ಅವನು ಅಂಗಳವನ್ನು ನೋಡುತ್ತಿದ್ದ. ಬಂದಾಗಿನಿಂದಲೂ ಅದನ್ನೇ ನೋಡುತ್ತಿದ್ದ.

“ಆ ದಿವಸ ನೀವು ಎಲ್ಲಿದ್ದಿರಿ ಪಪ್ಪ?”

“ಅಡುಗೆಮನೆಯಲ್ಲಿ. ಗಂಜಿಗೆ ಇಟ್ಟಿದ್ದೆ.”

“ಅವಳು ಕೂಗಿದ್ದು ಕೇಳಲಿಲ್ಲವಾ?”

“ಕೇಳಿತು. ಅಷ್ಟೆಲ್ಲ ಆಗ್ತದೆ ಅಂತ ಯಾರಿಗೆ ಗೊತ್ತಿತ್ತು? ಎರಡು ಪೆಟ್ಟು ಕೊಟ್ಟು ಮನೆಗೆ ಕಳಿಸ್ತಾರೆ ಅಂತ…” ಅವನು ಮೊಬೈಲನ್ನು ಜೇಬಿಗೆ ತುರುಕಿದ. “ಅಂತ ಜನ ಹೇಳ್ತಿದ್ದರು. ಹೆತ್ತವರೂ ಸ್ವಲ್ಪ ನೋಡಿಕೊಳ್ಳಬೇಕಿತ್ತು.”

“ಹೌದು,” ಎಂದಳು ವಿಜೇತಾ. “ಹೆತ್ತವರು ನೋಡಿಕೊಳ್ಳಬೇಕು.”

ಓಣಿಯ ತಿರುವಿನಲ್ಲಿ ಬೈಕುಗಳ ಸದ್ದು ಕೇಳಿತು. ಒಂದು, ಎರಡು, ಆಮೇಲೆ ಎಣಿಕೆಗೆ ಸಿಗದಷ್ಟು. ಶೀನಪ್ಪ ಬಾಗಿಲಿಗೆ ಅಗುಳಿ ಹಾಕಿದ, ಮೇಜು ಎಳೆದು ಅಡ್ಡ ಇಟ್ಟ, ಅದಕ್ಕೆ ಬೆನ್ನು ಕೊಟ್ಟು ನೆಲಕ್ಕೆ ಕಾಲೂರಿದ. ಕೆಳಗೆ ಗೇಟು ಗೋಡೆಗೆ ಬಡಿಯಿತು.

“ಏ ನೌಫಲ್! ಇಳಿಯೋ ಕೆಳಗೆ! ಬ್ಯಾರಿಗೆ ನಮ್ಮ ಹುಡುಗಿ ಬೇಕಾ? ನೌಫಲ್!”

ಮೆಟ್ಟಿಲ ಮೇಲೆ ಹೆಜ್ಜೆಗಳು. ಬಾಗಿಲಿಗೆ ಮೊದಲ ಒದೆ.

“ಹೆದರಬೇಡ ಮಗಾ. ನನ್ನ ಹೆಣ ದಾಟಿ ಬರಲಿ ಅವರು!”

ಇಷ್ಟು ಹೊತ್ತು ಕಲ್ಲಿನ ಹಾಗೆ ಕೂತಿದ್ದ ಮಗಳ ಕಣ್ಣಲ್ಲಿ ಆಗ ನೀರು ಕಿತ್ತು ಬಂತು.

“ಯಾರೂ ಬಾರದೆ ಇರಲಿ ಅಂತ ದೈವಕ್ಕೆ ಹರಕೆ ಹೇಳಿಕೊಂಡಿದ್ದೆ ಪಪ್ಪ,” ಎಂದಳು. “ಇವನು ಶ್ರವಣ್. ಸಾತ್ವಿಕಾನ ಅಣ್ಣ. ನೌಫಲ್ ಅಂತ ಹೆಸರು ಹೇಳಿದ್ದು ಈ ಲೋಕದಲ್ಲಿ ನಿಮಗೊಬ್ಬರಿಗೆ ಮಾತ್ರ.”