ಕೃಷ್ಣೆಯ ದಂಡೆಯಲ್ಲಿ ಅಜ್ಜಿಯ ಒಂದು ಸುತ್ತು

ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ಗದ್ವಾಲದ ಆ ಮಧ್ಯಾಹ್ನ ನೆನಪಾಗುತ್ತದೆ.

ಲಕ್ವಾ ಹೊಡೆದ ಅಜ್ಜಿಯನ್ನು ಕಾಕಾ ಉಟ್ಕೂರಿನಿಂದ ಗದ್ವಾಲದ ತನ್ನ ಮನೆಗೆ ಕರೆತಂದಿದ್ದ. ಊರಿಗೆ ಹೋಗುತ್ತೇನೆಂದು ಅವಳದು ದಿನವೂ ಹಟ. ಅಂದು ಕೃಷ್ಣೆಯ ದಂಡೆಯ ಪಾರ್ಕಿನಲ್ಲಿ ಕಾಕಾ, "ಇಲ್ಲಿ ಒಂದು ಸುತ್ತು ನಡೆದು ತೋರಸು, ಕಳಸ್ತೀನಿ" ಎಂದ.

ಅಜ್ಜಿ ಎದ್ದೇಬಿಟ್ಟಳು. ಬೆಳ್ಳುಳ್ಳಿ ಎಣ್ಣೆ ತಿಕ್ಕಿದ ಎಡಗಾಲನ್ನು ನುಣುಪು ಕಲ್ಲುಹಾಸಿನ ಮೇಲೆ ಎಳೆಯುತ್ತ ಹೊರಟಳು. ನಾನು ಕೈ ಚಾಚಿದೆ.

"ಹಿಡೀಬ್ಯಾಡ ಮಗಳ. ಊರಾಗ ನೀ ಇರ್ತೀ ಏನು?"

ಬಿಸಿಲಿಗೆ ಕಾದ ಕಂಬಿ ಹಿಡಿದು, ನಿಂತು ನಿಂತು, ಹೊಳೆಯ ಕಡೆ ಒಮ್ಮೆಯೂ ನೋಡದೆ ನಡೆದಳು. ಸುತ್ತು ಮುಗಿದಾಗ ಕಾಕಾನ ಕಣ್ಣು ತುಂಬಿತ್ತು.

"ಸಾಕವ್ವ, ಕುಂದರು" ಎಂದ.

ಅಜ್ಜಿ ಕೂರಲಿಲ್ಲ.

"ಊರಿನ ಬಸ್ಸು ಎಷ್ಟು ಹೊತ್ತಿಗೈತಿ?" ಎಂದಳು.