ಐದನೇ ತಂತಿ

"ಮೊದಲು ಈ ಕೆಂಪಿದು ಹಿಡಿ ಗುರು, ಆಮೇಲೆ ಬೇರೆ ಮಾತು," ಎಂದು ಅಂಗಡಿಯ ನರೇಂದ್ರ ಐದು ತಂತಿಯ ಬೇಸ್ ಗಿಟಾರನ್ನು ಗೋಡೆಯಿಂದ ಇಳಿಸಿ ವೇಣುವಿನ ಕೈಗಿಟ್ಟ. ಜಯನಗರದ ಒಳಗಿನ ಒಂದು ಕ್ರಾಸು. ಭಾನುವಾರ ಬೆಳಗ್ಗೆ, ಬೇರೆ ಗಿರಾಕಿ ಇನ್ನೂ ಬಂದಿರಲಿಲ್ಲ. ಬಾಗಿಲ ಬಳಿಯ ಸ್ಟೂಲಿನ ಮೇಲೆ ವೇಣುವಿನ ಅಪ್ಪ ಚಲುವರಾಜು, ಆಸ್ಪತ್ರೆಯಲ್ಲಿ ಸರದಿಗೆ ಕಾಯುವವನ ಹಾಗೆ, ಮೊಣಕಾಲ ಮೇಲೆ ಎರಡೂ ಕೈಯಿಟ್ಟು ಕೂತಿದ್ದ.

ಅವನನ್ನು ಇಲ್ಲಿಗೆ ಎಳೆದು ತರಲು ವೇಣು ಒಂದು ತಿಂಗಳು ಜಗಳವಾಡಿದ್ದ. ಹರೆಯದಲ್ಲಿ ಚಲುವರಾಜು ಊರಿಗೆಲ್ಲ ತಮಟೆ ಬಾರಿಸುತ್ತಿದ್ದವನು. ಹೆಣದ ಮುಂದೆ ಬಾರಿಸು ಬಾರೋ ಎಂದು ಯಾರು ಕೂಗಿದರೂ ಹೋಗಬೇಕಿತ್ತು. ಬಾರಿಸಿದ ಮೇಲೆ ಗೇಟಿನಾಚೆ ಕೂತು ಉಣ್ಣಬೇಕಿತ್ತು. ಒಂದು ದಿನ ತಮಟೆಯನ್ನು ಒಲೆಗೆ ಹಾಕಿದ, ಬಸ್ ಡ್ರೈವರ್ ಆದ. ನಮ್ಮ ಮನೆಯಲ್ಲಿ ಇನ್ನು ಯಾರೂ ಏನನ್ನೂ ಬಾರಿಸಕೂಡದು ಎಂದ. "ಒಂದೇ ಒಂದ್ಸಲ ಬಂದು ಕೇಳಪ್ಪ. ಆಮೇಲೂ ಬೇಡ ಅಂದ್ರೆ ಬ್ಯಾಂಡ್ ಬಿಟ್ಟು ಗ್ಯಾರೇಜ್ ಕೆಲಸ ಮಾತ್ರ ನೋಡ್ಕೋತೀನಿ, ಮತ್ತೆ ಈ ಸುದ್ದಿ ಎತ್ತಲ್ಲ," ಎಂದು ವೇಣು ಮಾತು ಕೊಟ್ಟಿದ್ದ.

"ಕಲಿಯೋಕಾದ್ರೆ ನಾಲ್ಕು ತಂತೀದೇ ಸಾಕು ಗುರು," ಎಂದ ನರೇಂದ್ರ, ವೇಣುವಿನ ಎಣ್ಣೆ ಕಲೆಯ ಪ್ಯಾಂಟನ್ನು ನೋಡುತ್ತ. "ಐದನೇದು ಸುಮ್ನೆ ಕೈಗೆ ಅಡ್ಡ ಬರುತ್ತೆ."

"ಆರು ವರ್ಷದಿಂದ ನಾಲ್ಕರಲ್ಲೇ ಬಾರಿಸ್ತಿದೀನಿ. ನೀನು ಪ್ಲಗ್ ಹಾಕು ಸಾಕು."

"ಆ ದಪ್ಪ ತಂತಿ ಒಂದನ್ನೇ ಬಾರ್ಸು," ಎಂದ ಚಲುವರಾಜು. ಅಂಗಡಿಗೆ ಬಂದ ಮೇಲೆ ಅವನು ಬಾಯಿಬಿಟ್ಟದ್ದು ಅದೇ ಮೊದಲು.

ವೇಣು ಐದನೇ ತಂತಿಯನ್ನು ಮೀಟಿದ. ಕೆಂಪು ಗಿಟಾರು ಗುಡುಗಿತು. ಷೋಕೇಸಿನ ಗಾಜು ನಡುಗಿತು. ಇದೇ, ಇನ್ನು ನೋಡುವುದೇ ಬೇಡ ಎಂದುಕೊಂಡ. ಆದರೂ ನರೇಂದ್ರ ಇನ್ನೊಂದನ್ನು ಕೊಟ್ಟ: ಕಂದು ಬಣ್ಣ, ಹೊಳಪಿಲ್ಲ, ಕತ್ತು ಒಂದಿಂಚು ಉದ್ದ, ಹೆಗಲು ಜಗ್ಗುವ ಭಾರ. ಅದರ ದಪ್ಪ ತಂತಿ ಗುಡುಗಲಿಲ್ಲ, ಗೊಣಗಿತು. "ಇದು ಮಂಕು," ಎಂದು ವೇಣು ಮುಖ ಸಿಂಡರಿಸಿದ.

ಚಲುವರಾಜು ಆಂಪ್ಲಿಫೈಯರಿನ ವೈರನ್ನು ಗೋಡೆಯ ಪ್ಲಗ್ಗಿನವರೆಗೆ ಕಣ್ಣಲ್ಲೇ ಹಿಂಬಾಲಿಸಿದ. "ಇದಕ್ಕೆ ಕರೆಂಟ್ ಬೇಕೇ ಬೇಕಾ?"

"ಬೇಕು ಅಂಕಲ್. ಕರೆಂಟ್ ಇಲ್ದಿದ್ರೆ ಸೌಂಡೇ ಬರಲ್ಲ."

"ಹಂಗಾದ್ರೆ ಸ್ಮಶಾನದ ದಾರೀಲಿ ಬಾರಿಸಕ್ಕಾಗಲ್ಲ," ಎಂದ ಚಲುವರಾಜು. "ಒಳ್ಳೇದು." ನರೇಂದ್ರ ನಗಬೇಕೋ ಬೇಡವೋ ತಿಳಿಯದೆ ವೇಣುವಿನ ಮುಖ ನೋಡಿದ. ಅಷ್ಟರಲ್ಲಿ ಚಲುವರಾಜು ಎದ್ದು, ಗಾಜಿನ ಬಾಗಿಲು ತಳ್ಳಿ ಹೊರಟೇಬಿಟ್ಟ.

"ಅಂಕಲ್‌ಗೆ ಬೋರಾಯ್ತು ಅನ್ಸುತ್ತೆ."

ವೇಣುವಿನ ಮೈಯೆಲ್ಲ ಉರಿಯಿತು. ಬೇಡ ಎಂಬ ಒಂದು ಮಾತನ್ನೂ ಆಡದೆ ಹೋಗುವುದೇ? ಗಿಟಾರು ಕೊರಳಲ್ಲಿರುವಂತೆಯೇ, ವೈರು ಎಳೆದಷ್ಟು ದೂರ, ಬಾಗಿಲವರೆಗೆ ನುಗ್ಗಿದ. ರಸ್ತೆಯಾಚೆ ಚಲುವರಾಜು ಇತ್ತ ತಿರುಗಿ ನಿಂತಿದ್ದ.

"ನಾದ ನೋಡೋನು ಪಕ್ಕದಲ್ಲಿ ಕೂತು ಕೇಳ್ತಾನೇನೋ ಪೆದ್ದ? ಹೊಸ ತಮಟೆ ಕೊಳ್ಳೋವಾಗ ಬಾರಿಸೋನು ಅಲ್ಲೇ ನಿಲ್ಬೇಕು, ಕೇಳೋನು ದೂರ ಹೋಗ್ಬೇಕು. ಮೊದಲು ಆ ಕೆಂಪಿದು ಬಾರ್ಸು."

ನರೇಂದ್ರ ಬಾಗಿಲು ಮುಚ್ಚದಂತೆ ಕಾಲು ಒತ್ತಿ ನಿಂತ. ವೇಣು ಕೆಂಪು ಗಿಟಾರನ್ನು ಹಾಕಿಕೊಂಡು ಮೀಟುತ್ತ ಹೋದ. ಚಲುವರಾಜು ಹಿಂದಿಂದಕ್ಕೆ ಹೆಜ್ಜೆಯಿಡುತ್ತ ಹೋದ. ಮೂರನೇ ಮನೆಯ ಕಾಂಪೌಂಡಿಗೆ ಬಂದಾಗ ನಿಂತು ಅಂಗೈ ಅಲ್ಲಾಡಿಸಿದ. ನಾದ ಸತ್ತಿತು, ಇಷ್ಟೇ ದೂರ ಎಂಬಂತೆ. ಅಂಗಡಿಯಲ್ಲಿ ಷೋಕೇಸಿನ ಗಾಜು ಮಾತ್ರ ಇನ್ನೂ ಗಡಗಡ ಎನ್ನುತ್ತಿತ್ತು.

ಕಂದು ಗಿಟಾರಿಗೆ ಚಲುವರಾಜು ಮೂರನೇ ಮನೆ ದಾಟಿದ. ನಾಲ್ಕನೆಯದನ್ನೂ ದಾಟಿದ. ನಿಲ್ಲಿಸಿದ್ದ ಸ್ಕೂಟರುಗಳಾಚೆ, ಮೂಲೆಯ ಮುಚ್ಚಿದ ಅಂಗಡಿಯವರೆಗೆ ಹೋಗಿ, ಅದರ ಷಟರಿನ ಮೇಲೆ, ಮಗುವಿನ ಹಣೆಯಲ್ಲಿ ಜ್ವರ ನೋಡುವ ಹಾಗೆ, ಅಂಗೈ ಇಟ್ಟ. ಇನ್ನೊಂದು ಸಲ ಎಂದು ಬೆರಳೆತ್ತಿದ. ವೇಣು ಮೀಟಿದ. ಅಷ್ಟು ದೂರದ ತಗಡು ಆ ತಂತಿಗೆ ನಡುಗುತ್ತಿದೆ ಎಂಬುದು ಅಪ್ಪನ ಬಾಗಿದ ತಲೆಯಿಂದಲೇ ತಿಳಿಯಿತು. ಕೆಂಪು ಗಿಟಾರು ತನ್ನ ಕಿವಿಯಲ್ಲಷ್ಟೇ ಗುಡುಗಿತ್ತು. ಇದು ತನ್ನನ್ನು ದಾಟಿ, ಬೀದಿಯನ್ನು ದಾಟಿ ಹೋಗಿತ್ತು.

"ಹತ್ತು ವರ್ಷ ಆಯ್ತು ಗುರು ನಾನು ಗಿಟಾರ್ ಮಾರೋಕೆ ಬಂದು," ಎಂದ ನರೇಂದ್ರ ಮೆಲ್ಲಗೆ. "ಒಂದ್ಸಲಾನೂ ಹೊರಗೆ ನಿಂತು ಕೇಳಿಲ್ಲ."

ಚಲುವರಾಜು ಷಟರಿನಿಂದ ಕೈ ತೆಗೆಯಲಿಲ್ಲ. ತಂತಿಯ ನಾದ ಇನ್ನೂ ಆರಿರಲಿಲ್ಲ, ಅವನ ಬಲಗೈ ಆ ತಗಡಿಗೆ ಒಂದು ಏಟು ಹಾಕಿತು. ಎಡಗೈ ಎರಡು. ಆಮೇಲೆ ಎಣಿಸಲಾಗಲಿಲ್ಲ. ಮಹಡಿಯ ಹೆಂಗಸೊಬ್ಬಳು ಬಗ್ಗಿ ನೋಡಿದಳು. ಹಾಲಿನವನು ಗಾಡಿ ನಿಲ್ಲಿಸಿದ. ಇಡೀ ಕ್ರಾಸಿನ ಉದ್ದಕ್ಕೂ ಆ ಹೊಡೆತ ಉರುಳುತ್ತ, ಮುರಿಯುತ್ತ, ಮುರಿದಲ್ಲೇ ಮತ್ತೆ ಎದ್ದು ಬರುತ್ತಿತ್ತು.

"ನೀನೂ ಬಾರ್ಸು ಗುರು, ಯಾಕೆ ನಿಲ್ಲಿಸ್ದೆ?" ಎಂದ ನರೇಂದ್ರ.

ಆ ಹೊಡೆತಕ್ಕೆ ಎಲ್ಲಿ ಸೇರಿಕೊಳ್ಳಬೇಕೆಂದು ವೇಣುವಿಗೆ ತಿಳಿಯಲಿಲ್ಲ. ಐದನೇ ತಂತಿಯ ಮೇಲೆ ಬೆರಳಿಟ್ಟು, ರಸ್ತೆ ದಾಟಲು ಅಪ್ಪನ ಕೈಗಾಗಿ ಕಾಯುವ ಮಗುವಿನಂತೆ, ಅವನು ಬಾಗಿಲಲ್ಲೇ ನಿಂತುಬಿಟ್ಟ.