ಒಂದೇ ಬೆರಳು

ಮರಳಿಗೆ ಚುಚ್ಚಿ ಎಳೆದ ಸಲಾಕೆಯ ತುದಿ ಮೂಸಿ ಒತಿಲಿಯಾ ಮುಖ ತಿರುಗಿಸಿದಳು. ಕಾಣೆಯಾದವರನ್ನು ಸೊನೋರಾದ ಮರಳುಗಾಡಿನಲ್ಲಿ ಹುಡುಕುವ ಹೆಂಗಸರಿಗೆ ಹೂತ ಹೆಣದ ಆ ವಾಸನೆ ಗೊತ್ತು. ಪಕ್ಕದಲ್ಲೇ ಅವಳ ಕಾಣೆಯಾದ ಗಂಡನ ಬೆಲ್ಟಿತ್ತು. ಇನ್ನು ಮೊಬೈಲಿನ ನಕ್ಷೆಯಲ್ಲಿ ಆ ಜಾಗವನ್ನು ಒತ್ತಿ ಹಿಡಿದು ಗುರುತು ಹಾಕಬೇಕು. ಕಂಡವಳೇ ಹಾಕಬೇಕೆಂಬುದು ಅವರ ಕಟ್ಟಳೆ. ಪ್ರತಿ ಸಲವೂ ಬೆರಳು ಜಾರಿ ನಕ್ಷೆ ಸರಿಯುತ್ತಿತ್ತು.

“ರೊಟ್ಟಿಗೆ ಬೆಣ್ಣೆ ಸವರ್ತಿದ್ದೀಯೇನೇ? ಒತ್ತಿ ಹಿಡ್ಕೊ,” ಎಂದಳು ಜೊತೆಗಾತಿ ಚಾಯೋ.

“ಹಿಡ್ಕೊಂಡ್ರೆ ಅವ್ನು ಇಲ್ಲೇ ಇದಾನೆ ಅಂತಾಗುತ್ತೆ, ಅಕ್ಕಾ.”

ಚಾಯೋ ತನ್ನ ಬೆರಳನ್ನೂ ಪಕ್ಕದಲ್ಲಿಟ್ಟಳು. ಎರಡು ಬೆರಳು ಅಲುಗಿದ್ದೇ ನಕ್ಷೆ ಕುಗ್ಗಿ, ಮರಳುಗಾಡು, ಊರು, ಕಡಲು ಎಲ್ಲವೂ ಅಂಗೈಯಷ್ಟಾದವು.

“ತೆಗಿ ಅಕ್ಕಾ. ಇದು ಒಬ್ಳೇ ಒತ್ತೋದು.”

ಚಾಯೋ ಕೈ ಹಿಂತೆಗೆದಳು. ಒತಿಲಿಯಾ ಆ ಜಾಗವನ್ನು ಮತ್ತೆ ಹಿಗ್ಗಿಸಿದಳು. ಕೆಂಪು ಗುರುತು ಮೂಡುವವರೆಗೂ ಬೆರಳೆತ್ತಲಿಲ್ಲ.